ನೀಲವ್ವ ವಿಷ ಹಾಕಿರಲಿಲ್ಲ

ರಾಜರನ್ನು ಸಾಯಿಸುವುದರಲ್ಲಿ ನನ್ನದು ಪಳಗಿದ ಕೈ. ಗಡಹಿಂಗ್ಲಜದ ಬಾಡಿಗೆ ಮನೆಯಲ್ಲಿ ಕೂತು ಅರಸರ ಚರಿತ್ರೆಗಳನ್ನೂ ಐತಿಹಾಸಿಕ ಕಾದಂಬರಿಗಳನ್ನೂ ಬರೆಯುವವನು ನಾನು. ಇಲಿ ಕಂಡರೆ ಮಂಚ ಹತ್ತುವವನಾದರೂ ಕಾಗದದ ಮೇಲೆ ಎಷ್ಟೋ ಕಿರೀಟಗಳನ್ನು ಉರುಳಿಸಿದ್ದೇನೆ. ರಾಜ್ಯಗಳನ್ನು ಹೊಸದಾಗಿ ಹಂಚಿ ನಾವು ಮಹಾರಾಷ್ಟ್ರದಲ್ಲಿ ಉಳಿದ ಮೊದಲ ವರ್ಷಗಳವು. ಆದರೂ ನನ್ನ ಕನ್ನಡಕ್ಕೆ ಓದುಗರಿದ್ದರು. ಕೊಲ್ಹಾಪುರದಲ್ಲಿ ಒಮ್ಮೆ ಶಾಲು ಹೊದಿಸಿದವರು, "ಇವರು ಕಣ್ಣಾರೆ ಕಂಡಂಗ ಬರೀತಾರ್ರಿ" ಎಂದು ಹೊಗಳಿದಾಗ, ಕಂಡವನು ನಾನಲ್ಲವಲ್ಲ ಎಂಬ ಸಣ್ಣ ಅಳುಕನ್ನು ಶಾಲಿನೊಳಗೇ ಮುಚ್ಚಿಕೊಂಡಿದ್ದೆ.

ಆ ಅಳುಕು ಒಂದು ಮಧ್ಯಾಹ್ನ ಬಾಗಿಲಿಗೇ ಬಂತು. ಅಕಿವಾಟದ ಶಾಂತವ್ವ ಎಂಬ ಮುದುಕಿ. ಸೆರಗಿನ ಮರೆಯಲ್ಲಿ ನನ್ನದೇ ಕಾದಂಬರಿ. ಒಂದು ಸಣ್ಣ ಸಂಸ್ಥಾನದ ಕಥೆ ಅದು. ದೊರೆ ಹೊಟ್ಟೆನೋವಿನಿಂದ ತೀರಿಕೊಂಡನೆಂದು ಹಳೆಯ ಕಾಗದಗಳಲ್ಲಿ ಒಂದೇ ಸಾಲಿತ್ತು. ಹೊಟ್ಟೆನೋವಿನಿಂದ ಸತ್ತ ದೊರೆಯನ್ನು ಇಟ್ಟುಕೊಂಡು ಯಾರು ತಾನೇ ಕಾದಂಬರಿ ಮುಗಿಸಿಯಾರು? ಕಿರಿಯ ರಾಣಿ ನೀಲವ್ವನ ಕೈಯಿಂದ ಹಾಲಿಗೆ ವಿಷ ಹಾಕಿಸಿಬಿಟ್ಟಿದ್ದೆ.

"ನೀಲವ್ವ ನಮ್ಮ ಮನಿ ಮಗಳ್ರಿ," ಎಂದಳು ಶಾಂತವ್ವ. "ನಮ್ಮ ಮೊಮ್ಮಗಳು ಸುಮನಂದು ಇಚಲಕರಂಜಿಗೆ ಲಗ್ನದ ಸೋಯರಿಕಿ ಕೂಡಿತ್ತು. ಈಗ ಅವರು, ವಿಷಾ ಹಾಕೋ ಮನಿತನದ ಹೆಣ್ಣು ಬ್ಯಾಡ ಅಂದಾರ. ಮೊಮ್ಮಗಳು ಉಣ್ಣೂದ ಬಿಟ್ಟಾಳ್ರಿ. ನೀವ ಬಂದು ಒಂದ ಮಾತು ಹೇಳ್ರಿ."

ಹೋದೆ. ಇಚಲಕರಂಜಿಯ ದಾರಿಯುದ್ದಕ್ಕೂ ಬಸ್ಸಿನಲ್ಲಿ ಆಕೆಯ ಪಕ್ಕ ಕೂತು ಕಿಟಕಿಯ ಹೊರಗೇ ನೋಡಿದೆ. ವರನ ತಂದೆ ಅಪ್ಪಾಸಾಹೇಬರು ಮಗ್ಗಗಳ ಯಜಮಾನರು. ನನ್ನನ್ನು ಕಂಡದ್ದೇ "ಯಾ, ಯಾ, ಬಸಾ!" ಎಂದು ಮರಾಠಿಯಲ್ಲೇ ಬರಮಾಡಿಕೊಳ್ಳುತ್ತ ಎದ್ದು ಬಂದು ಕಾಲಿಗೆರಗಿದರು. ಮಗ್ಗಗಳ ಸದ್ದಿಗಿಂತ ಜೋರಾಗಿ ನಾನು ಹೇಳಿದೆ: "ಆ ವಿಷಾ ಸುಳ್ಳರಿ. ಆಕಿ ಹಾಕಿಲ್ಲ, ನಾ ಹಾಕೇನಿ."

ಅವರು ಶಾಂತವ್ವನ ಕಡೆ ನೋಡಿ ದನಿ ತಗ್ಗಿಸಿದರು. "ಮುದುಕಿ ಅತ್ಲು ಅಂತ ನಿಮ್ಮ ಮನಸ್ಸು ಕರಗೇತಿ. ತಿಳೀತದ್ರಿ. ಆದ್ರ ಹಾಲು ಕಲಕೂಮುಂದ ಸಪ್ಪಳಾ ಆಗಬಾರದಂತ ಆಕಿ ಬಳಿ ಮ್ಯಾಲಕ್ಕ ಸರಿಸಿಕೊಂಡಿದ್ದು ಬರದೀರಲ್ಲ? ಅದನ್ನ ಯಾರರ ಹುಟ್ಟಿಸಿ ಬರ್ಯಾಕ ಆಗತೇತೇನು?"

ಅದು ನನ್ನ ಹೆಂಡತಿ ರೊಟ್ಟಿ ಬಡಿಯುವಾಗ ಬಳೆ ಸರಿಸಿಕೊಳ್ಳುವ ರೀತಿ, ಅಷ್ಟೇ. ಅದನ್ನೂ ಹೇಳಿದೆ. ಅವರು ನಕ್ಕರು, "ಭಾಳ ದೊಡ್ಡ ಮನಸ್ಸು ನಿಮ್ದು" ಎಂದರು, ಚಹಾ ಕುಡಿಸಿ ಪುಸ್ತಕದ ಮೇಲೆ ಸಹಿ ಕೇಳಿದರು. ಮಾಡಬಾರದಿತ್ತು. ಮಾಡಿದೆ. ಹೆಸರಿನ ಕೆಳಗೆ ಒಂದು ಗೆರೆಯನ್ನೂ ಎಳೆದೆ. ಸಂಬಂಧ ಮಾತ್ರ ಮುರಿದದ್ದು ಮುರಿದೇ ಹೋಯಿತು.

ಬಸ್ ನಿಲ್ದಾಣದಲ್ಲಿ ಶಾಂತವ್ವ ಸುತ್ತ ಒಮ್ಮೆ ನೋಡಿ ನನ್ನ ಹತ್ತಿರ ಸರಿದಳು. ಆಮೇಲೆ ಮೆಲ್ಲಗೆ, "ಗಂಡ ಸತ್ತ ಮ್ಯಾಲ ನೀಲವ್ವ ನಮ್ಮೂರಾಗ ಬಾವಿ ತೋಡಿಸಿದ್ಲು. ಪುಣ್ಯಾಕ ಅಂತ ನಮ್ಮತ್ತಿ ಹೇಳತಿದ್ಲು. ಈಗ ಪಾಪಾ ತೊಳಕೊಳ್ಳಾಕೇನೋ ಅನಸಾಕತ್ತೇತಿ. ಖರೇ ಹೇಳ್ರಿ, ನಾ ಯಾರ ಮುಂದೂ ಅನ್ನೂದಿಲ್ಲ. ಹಾಕಿದ್ಲೇನು?" ಎಂದಳು.

"ಇಲ್ಲವ್ವಾ," ಎಂದೆ. ದೇವರಾಣೆ ಮಾಡಿದೆ. ರೋಗಿಯ ಮನೆಯವರು ವೈದ್ಯನ ಸಮಾಧಾನದ ಮಾತಿಗೆ ನಂಬದೆಯೂ ತಲೆಯಾಡಿಸುವಂತೆ ಆಕೆ ತಲೆಯಾಡಿಸಿ, ಬಂದ ಬಸ್ಸು ಹತ್ತಿ ಹೋದಳು. ಇಷ್ಟು ಚೆನ್ನಾಗಿ ಬರೆಯಬಾರದಿತ್ತು ಅನ್ನಿಸಿತು. ಹಾಗನ್ನಿಸಿದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಒಳಗೆಲ್ಲೋ ತುಸು ಹಿಗ್ಗೂ ಆಯಿತು.