ಕಾಕಾನ ನಡುವಿನ ಸ್ಪೀಕರು

ಮನುಷ್ಯ ಸಾಯುವುದಕ್ಕೂ ಸರೌಂಡ್ ಸೌಂಡ್ ಬೇಕು ಎಂದು ನಂಬಿದವನು ಇಡೀ ಶಿರಗುಪ್ಪಿಯಲ್ಲಿ ಒಬ್ಬನೇ ಒಬ್ಬ, ಅಪ್ಪನ ತಮ್ಮ, ನಮ್ಮ ಕಾಕಾ. ನೀವು ನಗಬಹುದು. ನಾವೂ ನಗುತ್ತಿದ್ದೆವು, ಆಯಿ ಹಾಸಿಗೆ ಹಿಡಿಯುವ ತನಕ.

ಕಾಕಾನದು ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ನೌಕರಿ. ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರು, ಅದರ ಸುತ್ತ ಐದು ಪುಟ್ಟ ಸ್ಪೀಕರು, ಕೆಳಗೊಂದು ವೂಫರು. ಐದೂ ಒಂದೇ ಸೆಟ್ಟಿನವು ಎಂದುಕೊಂಡಿರಾ? ಛೆ! ಅದು ಸೋಮಾರಿಗಳ ಕೆಲಸವಂತೆ. ಮುಂದಿನ ಎರಡು ನಿಪ್ಪಾಣಿಯ ಗುಜರಿಯಿಂದ ಬಂದವು, ಹಿಂದಿನ ಎರಡು ಅಥಣಿಯ ಗೆಳೆಯನೊಬ್ಬನ ಸತ್ತ ಟಿವಿ ಸೆಟ್ಟಿನವು. ನಡುವಿನದು ಎಲ್ಲಿಯದೆಂದು ನಾವು ಕೇಳಲು ಹೋಗಲಿಲ್ಲ. ಒಂದರ ಗಂಟಲು ಕೀರಲು, ಇನ್ನೊಂದರದು ದಪ್ಪ. ಎಲ್ಲವನ್ನೂ ಹದಕ್ಕೆ ತರುವುದೇ ಕಾಕಾನ ಮಿಕ್ಸಿಂಗು.

"ನಡುವಿಂದು ಮಾತಿಗೆ, ಹಿಂದಿನವು ಗಾಳಿಗೆ. ಎಲ್ಲಾರ ಗಂಟಲಾ ಒಂದ ಇದ್ರ ಭಜನಿ ಆಕ್ಕೈತೇನಲೇ?" ಎನ್ನುತ್ತಿದ್ದ.

ಕಂಪ್ಯೂಟರಿನ ಕೋಣೆಯಲ್ಲಿ ಧ್ವನಿ ಸರಿಯಾಗಿ ಕೇಳುವುದು ಒಂದೇ ಕುರ್ಚಿಯಲ್ಲಿ. ಅವನ ಮಗಳನ್ನು ನೋಡಲು ಐಗಳಿಯಿಂದ ಬಂದವರು ಅವಲಕ್ಕಿ ತಿಂದು ಕೈ ತೊಳೆಯುವ ಮೊದಲೇ, ಒಬ್ಬೊಬ್ಬರಾಗಿ ಆ ಕುರ್ಚಿಯಲ್ಲಿ ಕೂತು ತಲೆಯ ಸುತ್ತ ವಿಮಾನ ಹಾರಿಸಿಕೊಂಡು ಏಳಬೇಕಾಯಿತು. ಹುಡುಗನ ತಂದೆ ಹೊರಡುವಾಗ, "ಇಮಾನಾ ಚಂದ ಇತ್ರಿ" ಎಂದಷ್ಟೇ ಹೇಳಿದರು. ಹುಡುಗಿಯ ಮಾತು ಎತ್ತಲೇ ಇಲ್ಲ.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಕಾಕಾ ಹಿಂದಿನ ಸ್ಪೀಕರನ್ನು ಗೇಣು ಸರಿಸಿ, ಮುಂದಿನದರ ಧ್ವನಿ ಕೂದಲಷ್ಟು ತಗ್ಗಿಸಿ, ತಲೆ ಎತ್ತುವಷ್ಟರಲ್ಲಿ ಸೂರ್ಯ ಹೋಗಿರುತ್ತಿದ್ದ.

"ಇವತ್ತೂ ಉಪಾಸನ ಏನ್ರಿ? ಪುಣ್ಯಾ ನಿಮಗ ಹತ್ತತೈತೋ, ಸ್ಪೀಕರಿಗೋ?" ಎಂದು ಅವನ ಹೆಂಡತಿ, ನಮ್ಮ ಕಾಕು, ಅಡುಗೆಮನೆಯಿಂದ ಕೇಳುತ್ತಿದ್ದಳು.

ಆಯಿ ಎಂದರೆ ಕಾಕಾನ ತಾಯಿ, ನನ್ನ ಅಜ್ಜಿ. ಮೂರು ವರ್ಷದಿಂದ ಪೂರಾ ಕಿವುಡಿ. ಕಿವಿಯ ಮಷೀನು ಸೀಟಿ ಹೊಡೆಯುತ್ತದೆಂದು ಕಪಾಟಿಗೆ ಎಸೆದಿದ್ದಳು. ಮಿರಜದ ಡಾಕ್ಟರು ಇನ್ನು ಮನೆಗೆ ಕರೆದೊಯ್ಯಿರಿ ಎಂದ ದಿನ, ಅವಳು ಕಾಕಾನ ಕೈ ಹಿಡಿದು ಕೇಳಿದ್ದು ಒಂದನ್ನೇ.

"ಕಡೀಗೆ ಣಮೋಕಾರ ನನಗ ಮುಟ್ಟಬೇಕ್ ನೋಡಪಾ. ಅದ ಮುಟ್ಟದ ಹ್ವಾದ್ರ ಜೀವಕ್ಕ ಸಮಾಧಾನಿಲ್ಲ."

ಸಾಯುವವರ ಕಿವಿಯಲ್ಲಿ ಆ ಮಂತ್ರ ಹೇಳುವುದು ನಮ್ಮಲ್ಲಿ ವಾಡಿಕೆ. ಕಿವಿಯೇ ಕೇಳದವಳಿಗೆ ಹೇಗೆ ಹೇಳುವುದು? ನಾವೆಲ್ಲ ಅತ್ತೆವು. ಕಾಕಾ ವೈರು ಬಿಚ್ಚತೊಡಗಿದ.

ಕಂಪ್ಯೂಟರು ಆಯಿಯ ಕೋಣೆಗೆ ಬಂತು. ಐದು ಸ್ಪೀಕರು ಮಂಚದ ಸುತ್ತ, ವೂಫರು ಮಂಚದ ಕೆಳಗೆ. ಬಸದಿಯ ಪಂಡಿತರ ಧ್ವನಿಯನ್ನು ಮೊಬೈಲಿನಲ್ಲಿ ಹಿಡಿದು ತಂದು, ಪೂರ್ತಿ ಏರಿಸಿ ಹಾಕಿಯೇಬಿಟ್ಟ. ಅಡುಗೆಮನೆಯ ಭಾಂಡೆಗಳು ಅದುರಿದವು. ಓಣಿಯ ಎಮ್ಮೆ ಕಣ್ಣಿ ಹರಿದುಕೊಂಡಿತು. ಣಮೋಕಾರ ಕೇಳಿದ ಓಣಿಯವರು ಎಲ್ಲ ಮುಗಿಯಿತೆಂದು ತಿಳಿದು, ಹೆಗಲಿಗೆ ಟವೆಲು ಹಾಕಿಕೊಂಡು, ಮುಖ ಇಳಿಬಿಟ್ಟುಕೊಂಡು ಒಳಗೆ ಬಂದರು!

ಆಯಿ ಮಲಗಿದಲ್ಲಿಂದಲೇ ಅವರನ್ನು ನೋಡಿದಳು. "ಇಷ್ಟ ಮಂದಿ ಯಾಕ ಬಂದಾರ ಬೇ? ಚಾ ಮಾಡ ಇವರಿಗೆ" ಎಂದು ಕಾಕುವಿಗೆ ಹೇಳಿದಳು. ತಮ್ಮ ಸಾವಿಗೆ ಬಂದವರಿಗೆ ಚಹಾ ಕೊಡಿಸುವ ಭಾಗ್ಯ ಎಷ್ಟು ಜನರಿಗೆ ಸಿಗುತ್ತದೆ, ಹೇಳಿ! ಆದರೆ ಮಂತ್ರದ ಒಂದಕ್ಷರವೂ ಅವಳಿಗೆ ಕೇಳಿರಲಿಲ್ಲ.

ಕಾಕಾ ಸೋಲಲಿಲ್ಲ. ಎಡದ್ದನ್ನು ಬಲಕ್ಕಿಟ್ಟ, ಹಿಂದಿನದನ್ನು ದಿಂಬಿನ ಬುಡಕ್ಕಿಟ್ಟ. ಒಂದೊಂದನ್ನೂ ಪರೀಕ್ಷಿಸುವಾಗ ತಾನೂ ಜೊತೆಜೊತೆಗೆ ಮಂತ್ರ ಹೇಳುತ್ತಿದ್ದ. ಹಾಗೆ ನಾಲ್ಕು ದಿನ ಕಳೆದ ಮೇಲೆ ನನಗೊಂದು ಸಂಗತಿ ಕಣ್ಣಿಗೆ ಬಿತ್ತು. ಕಾಕಾ ಎದುರಿಗೆ ಬಂದಾಗ ಆಯಿಯ ಕೈಯಲ್ಲಿ ಜಪಮಾಲೆಯ ಮಣಿ ಸರಿಯುತ್ತಿತ್ತು. ಅವನು ವೈರು ಹುಡುಕುತ್ತ ಮಂಚದ ಹಿಂದೆ ಹೋದರೆ, ಪಂಡಿತರ ಧ್ವನಿ ಕೂಗುತ್ತಲೇ ಇದ್ದರೂ, ಮಣಿ ನಿಂತುಬಿಡುತ್ತಿತ್ತು. ಆಯಿ ಓದುತ್ತಿದ್ದುದು ಮಗನ ತುಟಿಯನ್ನು.

ಇದನ್ನು ಕಾಕಾನಿಗೆ ಯಾವ ಬಾಯಿಂದ ಹೇಳುವುದು? ನನಗೆ ಧೈರ್ಯವಾಗಲಿಲ್ಲ. ಅವನು ಮಧ್ಯಾಹ್ನ ಊಟಕ್ಕೆ ಎದ್ದು ಹೋದಾಗ ನಡುವಿನ ಸ್ಪೀಕರಿನ ವೈರು ಕಿತ್ತೆ.

"ಕಾಕಾ, ನಡುವಿಂದು ಕೆಟ್ಟೈತಿ."

"ಅದ ಮಾತಿನ ಸ್ಪೀಕರಲೇ! ಅದಿಲ್ಲಂದ್ರ ಮುಗೀತಲ್ಲ."

"ಹಂಗಾರ ಅದರ ಜಾಗಾದಾಗ ನೀನ ಕುಂಡ್ರು."

ಕಾಕಾ ಕಿತ್ತ ವೈರನ್ನು ನೋಡಿದ, ನನ್ನನ್ನು ನೋಡಿದ, ಆಯಿಯ ಕೈಯನ್ನು ನೋಡಿದ. ವೈರಿನ ವಿಷಯದಲ್ಲಿ ಅವನಿಗೆ ಸುಳ್ಳು ಹೇಳಲಾದೀತೇ? ಉಳಿದ ನಾಲ್ಕನ್ನೂ ತಾನೇ ಬಂದ್ ಮಾಡಿದ. ಸ್ಟೂಲು ಎಳೆದುಕೊಂಡು ಆಯಿಯ ಮುಖದೆದುರು ಕೂತು, ನಿಧಾನವಾಗಿ ತುಟಿಯಾಡಿಸತೊಡಗಿದ. ಮಣಿ ಸರಿಯಿತು. ನಾನು ಹೊರಗೆ ಬಂದುಬಿಟ್ಟೆ.

ಎರಡು ದಿನ ಅವನು ಆ ಸ್ಟೂಲು ಬಿಟ್ಟು ಹೆಚ್ಚು ಏಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಮಂತ್ರದ ನಡುವೆಯೇ, ಮಣಿ ನಿಂತಿತು.

ಈ ಸಲ ಕಾಕಾ ಎದುರಿಗೇ ಇದ್ದ.