ನಮ್ಮ ಮಾವನ ಆಟೋ ಹತ್ತಬೇಡಿ

ನನ್ನ ಸೋದರಮಾವ ಇದುವರೆಗೆ ಹನ್ನೊಂದು ಜನರನ್ನು ಆಟೋ ಸೀಟಿಗೆ ತಿನ್ನಿಸಿದ್ದಾರೆ. ಪೊಲೀಸರಿಗೆ ಹೇಳಲು ಓಡಬೇಡಿ. ಎಲ್ಲರೂ ಗೇಣುದ್ದದವರು, ಫೋಮು-ರೆಕ್ಸಿನ್ನಿನಲ್ಲಿ ಹೊಲಿದ ಗೊಂಬೆಗಳು!

ಹರಿಹರದಲ್ಲಿ ಮಾವನದು ಆಟೋಗಳಿಗೆ ಸೀಟು ಹೊಲಿಯುವ ಅಂಗಡಿ. ಮೂರು ವರ್ಷದ ಕೆಳಗೆ ಅಜ್ಜಿ ತೀರಿಕೊಂಡ ಮೇಲೆ ಇವರಿಗೊಂದು ಚಟ ಹತ್ತಿತು. ಉಳಿದ ಚೂರುಪಾರಿನಲ್ಲಿ ಗೊಂಬೆ ಹೊಲಿಯುವುದು, ಕೂದಲೆಳೆಯಷ್ಟು ಸರಿಸುವುದು, ಮೊಬೈಲಿನಲ್ಲಿ ಫೋಟೋ ತೆಗೆಯುವುದು, ಮತ್ತೆ ಸರಿಸುವುದು. ಫೋಟೋಗಳನ್ನೆಲ್ಲ ಸಾಲಾಗಿ ಓಡಿಸಿದರೆ ಗೊಂಬೆ ತಾನೇ ನಡೆಯುತ್ತದೆ. ನಾಲ್ಕು ಹೆಜ್ಜೆಗೆ ಅರ್ಧ ದಿನ. ಸರ್ಕಾರಿ ಕಡತವೂ ಇದಕ್ಕಿಂತ ಚುರುಕು.

ಕಥೆ ಏನೆಂದು ಕೇಳಿದೆ.

"ಡ್ರೈವರ್ ಇಲ್ಲದ ಆಟೋ. ಹತ್ತಿದವರನ್ನ ಸೀಟು ನುಂಗ್ತೈತೆ. ಒಂದೊಂದು ಅಂಗಿಗುಂಡಿ ಉಗುಳ್ತೈತೆ."

"ಯಾಕ ಮಾವಾ?"

"ಸೀಟಿಗೆ ಯಾಕ ಅಂತ ಕೇಳಾಕೆ ಆಗ್ತೈತೇನೋ?"

ಗೊಂಬೆಗಳೂ ರೆಕ್ಸಿನ್ನಿನ ಪುಟ್ಟ ಆಟೋವೂ ಅಲುಗಬಾರದೆಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಕಸ ಗುಡಿಸುವಂತಿಲ್ಲ. ಎಂಟು ಜನ ಸೀಟಿನ ಪಾಲಾದ ಹೊತ್ತಿಗೆ ಆಯುಧಪೂಜೆ ಬಂತು. ಮಾವ ದಾರ ತರಲು ದಾವಣಗೆರೆಗೆ ಹೋಗಿದ್ದರು. ಸ್ಕೂಟರು, ಹೊಲಿಗೆ ಮಿಷನ್ನು, ಕತ್ತರಿಗಳಿಗೆಲ್ಲ ಪೂಜೆಯಾಗಿ ಒಳಗಿನ ಪುಟ್ಟ ಆಟೋ ಒಂದನ್ನೇ ಬಿಡುವುದು ಹೇಗೆ? ಅತ್ತೆ ಬಾಗಿಲು ತೆಗೆದರು. ವಿಭೂತಿ, ಕುಂಕುಮ, ಚೆಂಡುಹೂವು. ಸಾಲದ್ದಕ್ಕೆ ಆಟೋವನ್ನು ಕೈಯಿಂದ ದೂಡಿ ನಿಂಬೆಹಣ್ಣನ್ನೂ ಹತ್ತಿಸಿದ್ದರು. ಮಾವ ಬಂದು ನೋಡಿ, ದಾರದ ಚೀಲ ಹೊಸ್ತಿಲಲ್ಲೇ ಬಿಟ್ಟು ಕುಂಕುಮ ಒರೆಸಲು ಓಡಿದರು.

"ಅದೂ ವಾಹನ ಅಲ್ಲೇನ್ರಿ?"

"ಮನುಷ್ಯರನ್ನ ತಿನ್ನೋ ವಾಹನ ಅದು."

"ಹಂಗಾದ್ರೆ ಪೂಜೆ ಮೊದಲೇ ಮಾಡ್ಬೇಕಿತ್ತು."

ರೆಕ್ಸಿನ್ನಿಗೆ ಹತ್ತಿದ ಕುಂಕುಮ ಏನು ಮಾಡಿದರೂ ಹೋಗಲಿಲ್ಲ. ಹೀಗಾಗಿ ಚಿತ್ರದ ನಡುವೆ ಆಟೋ ಇದ್ದಕ್ಕಿದ್ದಂತೆ ಹಣೆಗೆ ಇಟ್ಟುಕೊಂಡು ಬರುತ್ತದೆ.

ಹೋದ ತಿಂಗಳು ದಾವಣಗೆರೆಯ ಒಂದು ಕಾಲೇಜಿನಲ್ಲಿ ಅದರ ಪ್ರದರ್ಶನವಾಯಿತು. ಖಾಲಿ ರಸ್ತೆಯಲ್ಲಿ ಅಂಗಿಗುಂಡಿಗಳು ಉರುಳುವ ಸದ್ದಿಗೆ ನನ್ನ ಮೈ ಜುಮ್ಮೆಂದಿತು. ಮುಂದಿನ ಸಾಲಿನವರು ಕಾಲು ಮೇಲೆತ್ತಿಕೊಂಡು ಕುಳಿತರು. "ಇದನ್ನು ಮಾಡಿದವರು ನಮ್ಮ ಮಾವ" ಎಂದು ಪಕ್ಕದವರಿಗೆ ಹೇಳಿದೆ. ಅವರೇನೂ ವಿಚಾರಿಸಿರಲಿಲ್ಲ. ಇನ್ನೊಂದು ಪಕ್ಕದವರಿಗೂ ಹೇಳಿದೆ.

ಮುಗಿದ ಮೇಲೆ ಅಧ್ಯಾಪಕರೊಬ್ಬರು ಎದ್ದರು. "ನಡುವೆ ಬರುವ ಆ ಕುಂಕುಮ ಏನನ್ನು ಸೂಚಿಸುತ್ತದೆ?"

"ಆಯುಧಪೂಜೆ ಸರ್," ಎಂದರು ಮಾವ. "ನಮ್ಮನೆಯವ್ರು ಹಚ್ಚಿದ್ದು."

ಸಭೆ ನಕ್ಕಿತು. ಹನ್ನೆರಡನೆಯ ಪ್ರಯಾಣಿಕಳ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ. ಕೊನೆಗೆ ಹತ್ತುವ ಮುದುಕಿ ಅವಳು. ಉಟ್ಟಿರುವುದು ನಮ್ಮಜ್ಜಿಯ ಹಸಿರು ಸೀರೆಯ ತುಂಡು. ಸೀಟು ಬಾಯಿ ತೆರೆಯುತ್ತದೆ, ನುಂಗುವುದಿಲ್ಲ. ಆಟೋ ಹಿಮ್ಮುಖವಾಗಿ ಹೊರಟು, ಬಂದ ದಾರಿಯನ್ನೆಲ್ಲ ಸವೆಸಿ, ನೀಲಿ ಬಾಗಿಲ ಮನೆಯೊಂದರ ಮುಂದೆ ಅವಳನ್ನು ಇಳಿಸುತ್ತದೆ.

ಹರಿಹರದ ಪಕ್ಕದ ಸಾರಥಿ ಎಂಬ ಹಳ್ಳಿಯಲ್ಲಿದ್ದ ಅಜ್ಜಿಯ ಮನೆಗೆ ನೀಲಿ ಬಾಗಿಲು. ಅವಳಿಗೆ ಕಾಯಿಲೆ ಜೋರಾದ ದಿನ, ಸೀಟು ಹೊಲಿಸಲು ಬಂದಿದ್ದ ಯಾರದೋ ಆಟೋದಲ್ಲಿ ಮಾವನೇ ಅವಳನ್ನು ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದಿದ್ದರು. "ಸಂಜಿಗೆ ವಾಪಸ್ ಮನೆಗೆ ಬಿಡ್ತೀಯಲ್ಲ?" ಎಂದು ಅಜ್ಜಿ ದಾರಿಯುದ್ದಕ್ಕೂ ಕೇಳಿದ್ದಳಂತೆ. "ಬಿಡ್ತೀನವ್ವ" ಎಂದಿದ್ದರು. ಬಿಡಲಾಗಲಿಲ್ಲ.

ಹೊರಗೆ ಬಂದಾಗ ಕೇಳಿದೆ, "ಆ ಆಟೋ ಹಿಂದಕ್ಕೆ ಬರೋದಕ್ಕೆ ಎಷ್ಟು ದಿನ ಹಿಡೀತು ಮಾವಾ?"

"ಏಳು ತಿಂಗಳು," ಎಂದರು. "ಅವ್ವನ್ನ ಕುಲುಕಬಾರ್ದು ನೋಡು, ನಿಧಾನಕ್ಕೆ ಕರ್ಕೊಂಡು ಬಂದೆ."