ಕಾಕಾನ ಗಾಲ್ಫು, ಕಾಕಾನ ಮೊಣಕೈ

ನಾನು ಹೆಚ್ಚು ಮಾತಾಡುವವಳಲ್ಲ. ಮಾತಾಡದೆ ಮೂಲೆಯಲ್ಲಿ ಕೂತವರ ಕಣ್ಣೆದುರಿಗೇ ಇಂಥವೆಲ್ಲ ನಡೆಯುತ್ತಿರುತ್ತವೆ. ನಕ್ಕರೆ ಬೈಯುತ್ತಾರೆ, ನಗದಿದ್ದರೆ ಹೊಟ್ಟೆನೋವು ಬರುತ್ತದೆ. ಗದಗಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ಫಿಸಿಯೋಥೆರಪಿಸ್ಟ್. ಕೈಕಾಲು ನೋವಿಗೆ ಏನಾದರೂ ಮಾಡಬಲ್ಲೆ, ಹೊಟ್ಟೆನೋವಿಗೆ ನನ್ನ ಹತ್ತಿರ ಔಷಧವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಾಕಾಗೆ ಬೆಟಗೇರಿಯಲ್ಲಿ ಸೀರೆ ಅಂಗಡಿ. ಮಗಳ ಮದುವೆಯ ಊಟಕ್ಕೆ ಕೂತಾಗ ಬೆಳಗಾವಿಯ ಹೊಸ ಬೀಗರು, ರಿಟೈರ್ಡ್ ಆಫೀಸರು, "ನಾ ದಿನಾ ಮುಂಜಾನೆ ಗಾಲ್ಫ್ ಆಡ್ತೇನ್ರಿ" ಅಂದರು. ಕಾಕಾ ಬಾಯಲ್ಲಿದ್ದ ಮಾದಲಿ ನುಂಗುವ ಮೊದಲೇ "ನಾವೂ ಆಡ್ತೇವ್ರಿ" ಅಂದುಬಿಟ್ಟರು.

"ಹೌದ? ಹಂಗಾರ ಬ್ಯಾಸಗ್ಯಾಗ ನಿಮ್ಮೂರಿಗೆ ಬರ್ತೇನಿ. ಒಂದು ಕೈ ನೋಡೇಬಿಡೋಣು."

ಕಾಕಾ ಅಲ್ಲಿಯವರೆಗೆ ಗಾಲ್ಫ್ ಕೋಲನ್ನು ಟೀವಿಯಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ. "ಮಗಳ ಮಾವನ ಮುಂದ ನಾ ಸುಳ್ಳ ಆದ್ರ, ಆಕಿ ಆ ಮನ್ಯಾಗ ಹೆಂಗ ತಲಿ ಎತ್ತತಾಳವ್ವಾ?" ಎಂದು ಮರುದಿನವೇ ಪೂರ್ತಿ ಸೆಟ್ಟು ತರಿಸಲು ಮೊಬೈಲ್ ಹಿಡಿದು ಕೂತರು.

ಒಂದೇ ಕೈಯ ಗ್ಲೌಸು

ಕೋಲು, ಚೆಂಡು, ಟೋಪಿ, ಅಡಿಯಲ್ಲಿ ಮೊಳೆ ಇರುವ ಬೂಟು, ಎಲ್ಲ ಬಂದವು. ಗ್ಲೌಸು ಮಾತ್ರ ಒಂದೇ ಬಂತು. ಎಡಗೈದು.

"ಹಾಡಹಗಲಾಗ ಮೋಸ!" ಕಾಕಾ ಫೋನನ್ನು ನನ್ನ ಕೈಗೆ ತುರುಕಿದರು. "ಇಂಗ್ಲಿಷ್ ಮೀಡಿಯಂ ಓದೀ. ಮಂದಿ ಕೈಕಾಲು ತಿರುವ್ತೀ. ಒಂದು ಜಗಳಾ ಮಾಡಾಕ ಬರಂಗಿಲ್ಲ?"

ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ನಾಲ್ಕು ಸಲ ಓದಿಕೊಂಡು, "ಗುಡ್ ಮಾರ್ನಿಂಗ್, ಐ ವುಡ್ ಲೈಕ್ ಟು ರಿಜಿಸ್ಟರ್ ಎ ಕಂಪ್ಲೇಂಟ್..." ಎಂದು ಶುರು ಮಾಡಿದೆ. ಆ ಕಡೆಯವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಅಂದ: "ಅಕ್ಕಾರ, ಕನ್ನಡದಾಗ ಹೇಳ್ರಿ. ನಾ ಬಾಗಲಕೋಟ್ಯಾಂವ." ಆಮೇಲೆ, "ಗಾಲ್ಫಿಗೆ ಒಂದ ಗ್ಲೌಸ್ ಬರ್ತೈತ್ರಿ, ಎಡಗೈಗೆ ಅಷ್ಟ."

ಕಾಕಾ ಫೋನ್ ಕಸಿದುಕೊಂಡರು. "ಏನ್ ತಮ್ಮಾ, ಚಪ್ಪಲಿನೂ ಒಂದೊಂದ ಮಾರ್ತೀರೇನು?"

ಹಟಕ್ಕೆ ಬಿದ್ದು ಜೋಡಿಗೆ ಇನ್ನೊಂದು ತರಿಸಿದರು. ಅದೂ ಎಡಗೈದೇ ಬಂತು. ಈಗ ಕಾಕಿ ಅದನ್ನು ಹಾಕಿಕೊಂಡು ಕುದಿಯುವ ಚಹಾದ ಪಾತ್ರೆ ಇಳಿಸುತ್ತಾಳೆ. "ನಿಮ್ಮ ಆಟದಾಗ ಉಪಯೋಗಕ್ಕ ಬಂದದ್ದು ಇದೊಂದ ನೋಡ್ರಿ" ಅನ್ನುತ್ತಾಳೆ.

ಮಾಳಿಗೆಯ ಮೈದಾನ

ಮೊದಲ ತಾಲೀಮು ಮನೆಯ ಮಾಳಿಗೆ ಮೇಲೆ. ಆವತ್ತೇ ಕಾಕಿ ಹಳೆಯ ಧೋತರದ ಮೇಲೆ ಸಂಡಿಗೆ ಇಟ್ಟಿದ್ದಳು. ಕಾಕಾ ಮೊಬೈಲನ್ನು ನೀರಿನ ಟಾಕಿಗೆ ಆನಿಸಿಟ್ಟು, ವಿಡಿಯೋದವನು ಹೇಳಿದಂತೆ ಮೊಣಕಾಲು ಬಗ್ಗಿಸಿ, ಸೊಂಟ ತಿರುವಿ, ಚೆಂಡಿನ ಮೇಲಿನ ಕಣ್ಣು ಕೀಳದೆ ಬೀಸಿದರು.

ಚೆಂಡು ಇದ್ದಲ್ಲೇ ಇತ್ತು. ಕೋಲು ಟಾಕಿಯ ಕಟ್ಟೆಗೆ ಬಡಿಯಿತು. ಬೂಟಿನ ಮೊಳೆಗೆ ಧೋತರ ಸಿಕ್ಕಿ, ಕಾಕಾ ಒಂದು ಸುತ್ತು ಸುತ್ತಿ, ಸಂಡಿಗೆಯ ನಟ್ಟನಡುವೆ ಕೂತರು. "ಯವ್ವಾ! ನನ್ನ ಮೊಣಕೈ!"

ಕಾಕಿ ಓಡಿಬಂದಳು. ಮೊದಲು ಸಂಡಿಗೆ ನೋಡಿದಳು. ಆಮೇಲೆ ಕಾಕಾನನ್ನು ನೋಡಿದಳು. ಮತ್ತೆ ಸಂಡಿಗೆ ನೋಡಿದಳು.

"ಮುರದಂಗ ಕಾಣ್ತೈತಿ" ಎಂದು ಕಾಕಾ ನರಳಿದರು.

"ಮುರದ್ರ ಮೊಣಕೈ ಕೂಡ್ತೈತ್ರಿ. ಸಂಡಿಗಿ ಕೂಡ್ತಾವೇನು?"

ನನ್ನ ಬ್ಯಾನಿ ಅವರಿಗೆ

ಎಕ್ಸರೇದಲ್ಲಿ ಮೂಳೆ ಗಟ್ಟಿಯಾಗೇ ಇತ್ತು. ನೋವು ಮಾತ್ರ ಹೋಗಲಿಲ್ಲ. ವಾರ ಕಳೆದ ಮೇಲೆ ಕಾಕಾ ನಮ್ಮ ಕ್ಲಿನಿಕ್ಕಿಗೆ ಬಂದರು. ಪೆಟ್ಟಾದವರ ಮುಖ ಅಲ್ಲ, ಬಹುಮಾನ ಇಸಿದುಕೊಳ್ಳಲು ಬಂದವರ ಮುಖ.

"ಗಾಲ್ಫರ್ಸ್ ಎಲ್ಬೋ ಅಂತ ಒಂದು ಬ್ಯಾನಿನ ಐತಂತವ್ವಾ. ನನಗ ಅದ ಆಗೈತಿ. ಚೀಟಿ ಮ್ಯಾಲ ದೊಡ್ಡ ಅಕ್ಷರದಾಗ ಬರಿ. ಬೀಗರಿಗೆ ಫೋಟೋ ಕಳಸ್ತೇನಿ."

ನಾನು ಮೊಣಕೈ ಒತ್ತಿ ನೋಡಿದೆ. ನೋವು ಹೊರಮಗ್ಗುಲಿಗೆ ಇತ್ತು. ಗಾಲ್ಫಿನದು ಒಳಮಗ್ಗುಲಿಗೆ ಇರುತ್ತದೆ.

"ಕಾಕಾ, ಇದು... ಟೆನಿಸ್ ಎಲ್ಬೋ ರಿ."

"ಟೆನಿಸ್? ಜನ್ಮದಾಗ ಟೆನಿಸ್ ಬ್ಯಾಟ್ ಮುಟ್ಟಿಲ್ಲ ನಾ!"

ಪಕ್ಕದ ಮಂಚದಲ್ಲಿ ಬೆಟಗೇರಿಯ ಒಬ್ಬ ಮುದುಕರು, ನೇಕಾರರು, ಮೊಣಕೈಗೆ ಶಾಖ ತಗೊಳ್ಳುತ್ತ ಮಲಗಿದ್ದರು. ನಮ್ಮ ಮಾತು ಕೇಳಿ ತಮ್ಮ ಚೀಟಿಯನ್ನು ಕಾಕಾನ ಕಡೆ ಚಾಚಿದರು. "ಸಾವಕಾರ್ರ, ನಂದ ಏನಂತ ಬರದಾರ ಓದ್ರಿ. ನನಗ ಇಂಗ್ಲಿಷ್ ಬರಂಗಿಲ್ಲ."

ಕಾಕಾ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಗಾಲ್ಫರ್ಸ್ ಎಲ್ಬೋ.

"ನೀವು ಗಾಲ್ಫ್ ಆಡ್ತೀರೇನ್ರಿ?"

"ಅದೇನೋ ನನಗ ಗೊತ್ತಿಲ್ರಿ. ನಲವತ್ತು ವರ್ಷ ಮಗ್ಗದ ಹಗ್ಗ ಜಗ್ಗೇನಿ."

ಕಾಕಾ ನನ್ನ ಕಡೆ ತಿರುಗಿದರು. "ನೋಡವ್ವಾ, ಕೋಲು ಕೊಂಡಂವ ನಾನು. ಬ್ಯಾನಿ ಇವರಿಗೆ ಕೊಟ್ಟೀರಿ."

ಮುದುಕರು ಕೈ ಮುಂದೆ ಮಾಡಿದರು. "ಬೇಕಂದ್ರ ನಂದೂ ತಗೊಂಡ ಹೋಗ್ರಿ ಸಾವಕಾರ್ರ. ನಾ ಬ್ಯಾಡ ಅನ್ನಂಗಿಲ್ಲ."

ಹಿಂಡುವ ವ್ಯಾಯಾಮ

ಇಂಥ ಮೊಣಕೈಗೆ ಟವೆಲ್ ಹಿಂಡುವುದು ಒಳ್ಳೆಯದು. "ಒದ್ದಿ ಟವೆಲ್ ಎರಡೂ ಕೈಲೆ ಮೆಲ್ಲಕ ಹಿಂಡ್ರಿ ಕಾಕಾ, ದಿನಕ್ಕ ಮೂರು ಹೊತ್ತು, ಹತ್ತತ್ತು ಸಲ" ಎಂದೆ. ಕಾಕಿಯ ಎದುರಿಗೆ ಹೇಳಿದ್ದು ನನ್ನ ತಪ್ಪು.

ಮೂರನೇ ದಿನ ಹೋಗಿ ನೋಡಿದರೆ ಕಾಕಾ ಬಚ್ಚಲ ಮನೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಎದುರಿಗೆ ಎರಡು ಬಕೆಟ್ ತುಂಬ ಚಾದರ, ಕಿಟಕಿ ಪರದೆ, ದಿಂಬಿನ ಚೀಲ.

"ನೀ ಹತ್ತ ಸಲ ಅಂದಿದ್ದೆವ್ವಾ," ಕಾಕಾ ಅಳುವಂತೆ ಅಂದರು. "ಇಕಿ ಹತ್ತ ಚಾದರ ಅಂತಾಳ."

"ಬಾಜೂ ಮನಿಯವರ್ದೂ ಎರಡ ಅದಾವ ಅದರಾಗ," ಅಂದಳು ಕಾಕಿ, ಸೋಫಾದ ಮೇಲೆ ಕಾಲು ಚಾಚಿಕೊಂಡು. "ಇದು ಆರಾಮಾದ ಮ್ಯಾಲ ಹೇಳವ್ವಾ. ಇನ್ನೊಂದು ಮೊಣಕೈಲೆ ಗಾಲ್ಫ್ ಆಡಸ್ತೇನಿ."

ಅಡರಕಟ್ಟಿಯ ಪಂದ್ಯ

ಬೇಸಿಗೆ ಬಂತು. ಬೀಗರೂ ಬಂದರು. ಬಿಳಿ ಬೂಟು, ಬಿಳಿ ಟೋಪಿ, ಒಂದು ಡಜನ್ ಹೊಸ ಚೆಂಡು.

ಗಾಲ್ಫ್ ಆಡುವ ಜಾಗ ನಮ್ಮ ಕಡೆ ಎಲ್ಲಿದೆ? ಕಾಕಾ ಸೀದಾ ಅಡರಕಟ್ಟಿಯಲ್ಲಿರುವ ತಮ್ಮ ಹೊಲಕ್ಕೆ ಕಾರು ಹೊರಡಿಸಿದರು. ಕಡಲೆ ಕಿತ್ತು ಹೊಲ ಬರಿದಾಗಿತ್ತು. ದೂರದಲ್ಲೊಂದು ಸಣ್ಣ ಕುಣಿ ತೋಡಿಸಿ, ಕೆಂಪು ಸೀರೆಯ ತುಂಡು ಕಟ್ಟಿದ ಕೋಲನ್ನು ಅದರಲ್ಲಿ ನಿಲ್ಲಿಸಿದ್ದರು. "ಐದು ಎಕರೆ ಬಯಲು. ಇನ್ನೇನ ಬೇಕ್ರಿ ಬೀಗರ?"

ಬಯಲೇನೋ ಹೌದು. ಆದರೆ ಅದು ಎರೆ ಭೂಮಿ; ಬಿಸಿಲಿಗೆ ಉದ್ದಕ್ಕೂ ಕೈ ಹಿಡಿಸುವಷ್ಟು ಬಿರುಕು ಬಿಟ್ಟಿತ್ತು. ಅಂಗಡಿಯಲ್ಲಿ ಕೂತು ಹೊಲ ಮಾಡಿಸುವ ಕಾಕಾಗೆ ಇದು ಹೊಳೆದೇ ಇರಲಿಲ್ಲ.

ಬೀಗರು ಬೀಸಿದರು. ಎಂಥ ಹೊಡೆತ! ಚೆಂಡು ಮುಗಿಲಿಗೆ ಏರಿ, ಬಾವುಟದ ಹತ್ತಿರ ಇಳಿದು, ಎರಡು ಸಲ ಪುಟಿದು, ಮಾಯವಾಯಿತು. ಬೀಗರು ಬಿರುಕಿನೊಳಗೆ ತೋಳಿನ ತನಕ ಕೈ ಹಾಕಿ ಹುಡುಕಿದರು. ಚೇಳೊಂದು ಹೊರಗೆ ಬಂದು ಅವರನ್ನು ನೋಡಿಕೊಂಡು ಹೋಯಿತು. ಆಮೇಲೆ ಬಿರುಕಿಗೆ ಬಿದ್ದ ಯಾವ ಚೆಂಡನ್ನೂ ಅವರು ಹುಡುಕಲಿಲ್ಲ, ಹೊಸದು ತೆಗೆದು ಹೊಡೆದರು.

ಕಾಕಾಗೆ ನಾನು ಜೋರಾಗಿ ಬೀಸಲೇಬಾರದೆಂದು ಹೇಳಿ, ಮೊಣಕೈಗೆ ಪಟ್ಟಿ ಬಿಗಿದಿದ್ದೆ. ಅವರು ಮಲಗಿದ ಕೂಸಿಗೆ ತಟ್ಟಿದಂತೆ ಮೆತ್ತಗೆ ತಟ್ಟಿದರು. ಚೆಂಡು ಒಂದು ಮಾರು ಉರುಳಿ, ಮಣ್ಣಿನ ಹೆಂಟೆಗೆ ತಾಗಿ ನಿಂತಿತು. ಮತ್ತೆ ತಟ್ಟಿದರು. ಮತ್ತೊಂದು ಹೆಂಟೆ.

ಬಿಸಿಲು ಏರುವ ಹೊತ್ತಿಗೆ ಬೀಗರ ಹನ್ನೆರಡೂ ಚೆಂಡು ಭೂಮಿಯ ಪಾಲಾಗಿದ್ದವು. ಅವರು ಬದುವಿನ ಮೇಲೆ ಕೂತು ಟೋಪಿ ತೆಗೆದರು. "ಚೆಂಡ ಇಲ್ಲಂದ ಮ್ಯಾಲ ಆಟ ಎಲ್ಲಿಂದ್ರಿ. ನೀವ ಗೆದ್ರಿ ಬೀಗರ. ಇಂಥಾ ಕಂಟ್ರೋಲು ನಮ್ಮ ಕಡೆ ಯಾರಿಗೂ ಇಲ್ಲ."

ಕಾಕಾ ಆ ಕ್ಷಣವೇ ಮಗಳಿಗೆ ಫೋನ್ ಹಚ್ಚಿದರು. "ಗೆದ್ದೇನವ್ವಾ! ನಿಮ್ಮ ಮಾವಾರ ಬಾಯಿಲೇ ಹೇಳ್ಯಾರ! ಇನ್ನ ಆ ಮನ್ಯಾಗ ಎದಿ ಎತ್ತಿ ಅಡ್ಡಾಡು!"

ಹೊಲವನ್ನು ಪಾಲಿಗೆ ಮಾಡುವ ಅಜ್ಜ ಮುಂಜಾನೆಯಿಂದ ಬೇವಿನ ಗಿಡದ ಕೆಳಗೆ ಕೂತು ಎಲ್ಲವನ್ನೂ ನೋಡುತ್ತಿದ್ದ. ಈಗ ರುಮಾಲು ಸರಿಮಾಡಿಕೊಳ್ಳುತ್ತ ಹತ್ತಿರ ಬಂದ. "ಸಾವಕಾರ್ರ, ಒಂದ ಮಾತ ಕೇಳ್ತೇನಿ. ಇದೇನ ಆಟಾರಿ?"

ಕಾಕಾ ಫೋನನ್ನು ಕಿವಿಯಿಂದ ಇಳಿಸಿ, ಗೆದ್ದವರ ಗತ್ತಿನಲ್ಲಿ ವಿವರಿಸಿದರು. "ಭಾಳ ಸರಳ ಐತಿ ಅಜ್ಜಾ. ಕೋಲಿಲೇ ಹೊಡದು ಚೆಂಡು ತೂತಿನಾಗ ಬೀಳಸಬೇಕು. ಯಾಂವ ಬೀಳಸ್ತಾನ, ಅಂವ ಗೆದ್ದಂಗ."

ಅಜ್ಜ ಬೀಗರನ್ನು ನೋಡಿದ. ಹೊಲದ ಬಿರುಕುಗಳನ್ನು ನೋಡಿದ. ಹೆಂಟೆಗೆ ಒರಗಿ ಬಿಸಿಲು ಕಾಯಿಸುತ್ತಿದ್ದ ಕಾಕಾನ ಚೆಂಡನ್ನು ನೋಡಿದ.

"ಹಂಗಾರ ಇವರು ಹನ್ನೆರಡೂ ಬೀಳಿಸ್ಯಾರಲ್ರಿ! ನಿಮಗ ಮುಂಜಾನಿಂದ ಒಂದ ಬೀಳಸಾಕ ಆಗವಲ್ದು."

ಬೀಗರು ಧಡಕ್ಕನೆ ಎದ್ದರು. ಟೋಪಿ ಮತ್ತೆ ತಲೆಗೇರಿಸಿದರು. ಕಾಕಾನ ಕೈಯಿಂದ ಫೋನನ್ನು ಮೆಲ್ಲಗೆ ಇಸಿದುಕೊಂಡು ಅಂದರು:

"ಯವ್ವಾ, ನಿಮ್ಮಪ್ಪಾರು ಹೇಳಿದ್ದರಾಗ ಒಂದ ಸಣ್ಣ ತಿದ್ದುಪಡಿ ಐತಿ."